ಕಬ್ಬಿಣವಲ್ಲದ ಮೊಳೆ

ಬಾಳೆದಿಂಡು ಹೆಚ್ಚುತ್ತಾ ಕೂತಿದ್ದೆ. ಈಳಿಗೆಮಣೆಯ ಮೇಲೆ ಒಂದು ಕಾಲು ಮಡಚಿ, ಒಂದು ಬಿಲ್ಲೆ ಕೊಯ್ಯುವುದು, ಅದರ ನಾರನ್ನು ತೋರುಬೆರಳಿಗೆ ಸುತ್ತಿಕೊಳ್ಳುವುದು, ಮತ್ತೊಂದು ಬಿಲ್ಲೆ ಕೊಯ್ಯುವುದು. ಬೆರಳಿನ ನಾರು ಉಂಗುರದಷ್ಟು ದಪ್ಪವಾಗಿದ್ದಾಗ ಫೋನು ಬಂತು. ಕೈಯೆಲ್ಲ ಸೊನೆ. ಮಣಿಕಟ್ಟಿನಿಂದ ಹೇಗೋ ಒತ್ತಿ ಸ್ಪೀಕರಿಗೆ ಹಾಕಿದೆ.

“ಕೂರಿಸಿದ್ವಿ. ಆಮೇಲೆ ನಿಲ್ಲಿಸಿದ್ವಿ. ನಿಂತ್ರು,” ಅಂದರು ಇವರು.

“ಯಾರು?”

“ಆ ಅಜ್ಜಿ. ನಮ್ಮ ಮೊಳೆ ಹಾಕಿಸ್ಕೊಂಡೋರು.”

ಇವರು ಅಂದರೆ ನನ್ನ ಯಜಮಾನರು. ಕೊಪ್ಪದಲ್ಲಿ ಮೂಳೆ ಡಾಕ್ಟರು. ಪೇಟೆಯಲ್ಲಿ ಸಣ್ಣದೊಂದು ಆಸ್ಪತ್ರೆ, ಅದರ ಬೆನ್ನಿಗೇ ನಮ್ಮ ಮನೆ. ಮುದುಕಿಯರ ಸೊಂಟದ ಹತ್ತಿರ ಮುರಿದ ಮೂಳೆಯನ್ನು ಕೂಡಿಸುವ ಒಂದು ಮೊಳೆಯನ್ನು ಇವರು ಎಷ್ಟೋ ವರ್ಷ ಕೂತು ರೂಪಿಸಿದ್ದರು. ಅದು ಜೀವ ಇರುವ ಒಬ್ಬರ ಮೈಗೆ ಮೊದಲ ಸಲ ಹೋದದ್ದು ಆ ವಾರ, ಮಂಗಳೂರು ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ. ಅದನ್ನು ನೋಡಲಿಕ್ಕೆಂದೇ ಇವರು ಘಟ್ಟ ಇಳಿದು ಹೋಗಿದ್ದರು.

“ದೇವರು ದೊಡ್ಡವನು,” ಅಂದೆ.

ಇಷ್ಟು ವರ್ಷ ಕಾದ ಸುದ್ದಿಗೆ ಗಂಡ ಹೆಂಡತಿ ಆಡಿದ್ದು ಇಷ್ಟೇ ಅಂದರೆ ಕೇಳಿದವರು ಏನು ಅಂದುಕೊಂಡಾರು! ಇವರು ಆಗಲೇ ಮುಂದಿನ ಮಾತಿಗೆ ಹೋದರು.

“ನಿನ್ನ ತಮ್ಮಂಗೆ ನೀನೇ ಹೇಳು. ನಾನು ಮಾಡಿದ್ರೆ ಅವ ಫೋನು ಎತ್ತದಿಲ್ಲ. ನಾನು ಬಸ್ಸು ಹತ್ತಿದೆ.”

ನನ್ನ ತಮ್ಮ ಶೃಂಗೇರಿಯಲ್ಲಿ ಹೈಸ್ಕೂಲು ಮೇಷ್ಟ್ರು. ಅಮ್ಮನ ಅಸ್ಥಿ ತುಂಗೆಗೆ ಬಿಟ್ಟ ದಿನದಿಂದ ಅವನು ಇವರ ಜೊತೆ ಒಂದು ಮಾತೂ ಆಡಿಲ್ಲ. ವರ್ಷಾಂತಿಕವೂ ಕಳೆದುಹೋಯಿತು. ಆವತ್ತು ಎಲೆಯ ಮುಂದೆ ಇಬ್ಬರೂ ಎದುರುಬದುರು ಕೂತಿದ್ದರೂ ಅವನು ನನ್ನನ್ನು ಕರೆದು, “ಅಕ್ಕಾ, ಅವರಿಗೆ ಮಜ್ಜಿಗೆ ಬೇಕಾ ಕೇಳು,” ಅಂದಿದ್ದ.

ಹೀಗಾಗಿ ಕೂಡಲೇ ಅವನಿಗೆ ಫೋನು ಮಾಡುವ ಧೈರ್ಯ ಬರಲಿಲ್ಲ. ದಿಂಡು ಹೆಚ್ಚಿ ಮಜ್ಜಿಗೆನೀರಿಗೆ ಹಾಕಿದೆ. ಕೈ ತೊಳೆದೆ. ಹೇಳುವುದಾದರೆ ಎಲ್ಲಿಂದ ಹೇಳಬೇಕು ಅನ್ನುವುದನ್ನು ಜೋಡಿಸಿಕೊಳ್ಳುತ್ತಾ ಹಿತ್ತಿಲ ಬಾಗಿಲಿನಲ್ಲಿ ಕೂತೆ.

ಮೊಳೆಯ ವಿಚಾರ ಇವರ ತಲೆಗೆ ಹೊಕ್ಕದ್ದು ಮುದುಕಿಯರನ್ನು ನೋಡಿ ನೋಡಿ. ನಮ್ಮ ಕಡೆ ಗಂಡಸರು ಮರದಿಂದ ಬಿದ್ದು ಮುರಿದುಕೊಳ್ಳುತ್ತಾರೆ, ಹೆಂಗಸರು ಬಚ್ಚಲಿನಲ್ಲಿ. ಇವರು ವಾರಕ್ಕೊಂದು ದಿನ ನರಸಿಂಹರಾಜಪುರಕ್ಕೆ ಹೋಗಿ ರೋಗಿಗಳನ್ನು ನೋಡುತ್ತಾರೆ. ಅಲ್ಲಿಗೆ ಶೆಟ್ಟಿಕೊಪ್ಪದ ಕಡೆಯ ಒಬ್ಬ ಅಜ್ಜಿಯನ್ನು ಮೊಮ್ಮಗ ಕುರ್ಚಿಯಲ್ಲಿ ಹೊತ್ತು ತಂದಿದ್ದನಂತೆ. ಎಲ್ಲೋ ಆಪರೇಶನ್ ಆಗಿತ್ತು, ಚೆನ್ನಾಗಿಯೇ ಆಗಿತ್ತು. ಆದರೆ ಒಳಗಿಟ್ಟ ಸ್ಕ್ರೂ ಮೂಳೆಯನ್ನು ಸೀಳಿಕೊಂಡು ಆಚೆ ಬಂದಿತ್ತು. ಆ ದಿನ ಸಂಜೆ ಮನೆಗೆ ಬಂದವರು ಊಟಕ್ಕೆ ಕೂತು ಅನ್ನ ಕಲಸುವುದನ್ನು ಮರೆತು ನನಗೆ ವಿವರಿಸಿದರು. ತೊಡೆಯ ಮೂಳೆ ಒಳಗೆ ಟೊಳ್ಳು, ಪಪಾಯಿ ಎಲೆಯ ದಂಟಿನ ಹಾಗೆ. ಆ ಟೊಳ್ಳಿನೊಳಗೆ ಉದ್ದಕ್ಕೆ ಒಂದು ಮೊಳೆ ಇಳಿಸುತ್ತಾರೆ. ಮೊಳೆಯ ತಲೆಯ ಹತ್ತಿರ ಒಂದು ತೂತು. ಅದರ ಮೂಲಕ ದಪ್ಪದೊಂದು ಸ್ಕ್ರೂ ಓರೆಯಾಗಿ ಮೇಲೆ ಹೋಗಿ ಸೊಂಟದ ಗುಂಡನ್ನು ಹಿಡಿದುಕೊಳ್ಳುತ್ತದೆ. ಪೇಟೆಯಲ್ಲಿ ಸಿಗುವುದು ದೊಡ್ಡ ಮೈಯವರಿಗೆ ಅಂತ ಮಾಡಿದ್ದು. ನಮ್ಮ ಮುದುಕಿಯರ ಮೂಳೆ ಸಪೂರ, ಅದರ ಮೇಲೆ ಮೆತ್ತಗೆ ಬೇರೆ.

“ಬೆಂದ ಸುವರ್ಣಗಡ್ಡೆಗೆ ದಪ್ಪ ಮೊಳೆ ಹೊಡೆದ ಹಾಗೆ. ಭಾರ ಬಿದ್ದ ಕೂಡಲೇ ಸೀಳ್ತದೆ,” ಅಂದರು.

“ದಪ್ಪದ್ದು ಒಂದು ಹಾಕೋ ಬದಲು ಸಪೂರದ್ದು ಎರಡು ಹಾಕಿ ಮತ್ತೆ,” ಅಂದೆ, ಸಾರು ಬಡಿಸುತ್ತಾ. ನನಗೇನೂ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದ್ದು. ಅದನ್ನು ಎಷ್ಟೋ ಜನ ಆಗಲೇ ಮಾಡಿದ್ದಾರೆ, ಅದರಲ್ಲೂ ತೊಂದರೆ ಇದೆ ಅಂತ ಇವರು ಅರ್ಧ ಗಂಟೆ ಪಾಠ ಮಾಡಿದರು. ಸಾರು ಆರಿಹೋಯಿತು. ಆ ತೊಂದರೆ ನೀಗಿಸಿದ, ಸಪೂರದ ಎರಡು ಸ್ಕ್ರೂಗಳ ಮೊಳೆಯನ್ನೇ ಕೊನೆಗೆ ಇವರು ಮಾಡಹೊರಟದ್ದು.

ಆಮೇಲೆ ನಮ್ಮ ಅಡಿಗೆಮನೆಯ ಗತಿ ಕೇಳಬೇಡಿ. ಸುವರ್ಣಗಡ್ಡೆಗೆ ತೂತು, ಎಳೆ ಸೋರೆಕಾಯಿಗೆ ತೂತು. ಒಂದು ಸಲ ಬಂದ ನೆಂಟರು ಪಲ್ಯದಲ್ಲಿ ಸಾಲಾಗಿ ತೂತಿದ್ದ ಗಡ್ಡೆಯ ಹೋಳು ಕಂಡು, “ಹುಳ ಬಿದ್ದಿದ್ಯಾ ಮಾರಾಯ್ತಿ?” ಅಂತ ಕೇಳಿದರು. “ಹುಳ ಅಲ್ಲ, ಡಾಕ್ಟ್ರು,” ಅಂದೆ. ಆಪರೇಶನ್ ಹೊತ್ತಿನಲ್ಲಿ ಡ್ರಿಲ್ ಹಿಡಿದ ಕೈ ಒಂದು ಕೂದಲೆಳೆ ಅಲುಗಿದರೂ ಸ್ಕ್ರೂ ದಾರಿ ತಪ್ಪುತ್ತದಂತೆ. ಅದಕ್ಕೊಂದು ಉಪಕರಣ ಬೇಕು ಅಂತ ಎಷ್ಟೋ ತಿಂಗಳು ಒದ್ದಾಡಿದರು. ಒಂದು ದಿನ ನಾನು ಹಲಸಿನ ಸೊಳೆ ಹೆಚ್ಚುತ್ತಿದ್ದಾಗ ಬಾಗಿಲಿಗೆ ಒರಗಿ ನಿಂತು ನೋಡುತ್ತಲೇ ಇದ್ದರು. ಎಂತ ನೋಡ್ತೀರಿ ಅಂದರೆ, “ಚೂರಿ ಆದ್ರೆ ಕೈ ಓಡ್ತದೆ. ಈಳಿಗೆ ಓಡದಿಲ್ಲ. ನೀನು ಅದನ್ನ ಕಾಲಲ್ಲಿ ಅದುಮಿ ಕೂತಿದ್ದೀಯ,” ಅಂದರು. ಆಮೇಲೆ ಮಾಡಿಸಿದ ಉಪಕರಣ ಮುರಿದ ಕಾಲಿನ ಮೇಲೆ ಹಾಗೇ ಅದುಮಿ ಕೂರುತ್ತದೆ. ಡ್ರಿಲ್ ಅದರೊಳಗಿನ ದಾರಿಯಲ್ಲಷ್ಟೇ ಹೋಗಬೇಕು. ಅದನ್ನು ಅವರು ಯಾರಿಗೂ ಈಳಿಗೆ ಅಂತ ಹೇಳಿಲ್ಲ. ಇಂಗ್ಲಿಷಿನಲ್ಲಿ ಉದ್ದದೊಂದು ಹೆಸರಿದೆ.

ಮಾದರಿಗಳನ್ನು ಮಾಡಿಕೊಡುತ್ತಿದ್ದವರು ದೂರದ ಊರಿನ ಒಂದು ಕಾರ್ಖಾನೆಯವರು. ಬಾಕ್ಸು ಬರುವುದು, ಇವರು ನೋಡುವುದು, ಸರಿಯಿಲ್ಲ ಅನ್ನುವುದು. ಸರಿಯಿಲ್ಲದ್ದೆಲ್ಲ ಮನೆಯಲ್ಲೇ ಉಳಿಯುತ್ತಿತ್ತು. ನಾನು ಒಂದನ್ನು ಉಪ್ಪಿನಕಾಯಿ ಭರಣಿಯ ಬಟ್ಟೆಗೆ ಭಾರವಾಗಿಟ್ಟಿದ್ದೆ.

ಅಮ್ಮ ನಮ್ಮ ಮನೆಗೆ ಬಂದಾಗಲೆಲ್ಲ ಈ ಮೊಳೆಗಳನ್ನು ಎತ್ತಿ ನೋಡುತ್ತಿದ್ದಳು. ಶೃಂಗೇರಿಯಲ್ಲಿ ತಮ್ಮನ ಜೊತೆ ಅವಳಿದ್ದದ್ದು. ಮಡಿಹೆಂಗಸು, ಸಪೂರ ಮೈ, ನಾಲಿಗೆ ಮಾತ್ರ ಹರಿತ.

“ಎಂತದು ಇದು ಅಳಿಯಂದ್ರೆ, ಬೆಳ್ಳಿಯಾ?”

“ಬೆಳ್ಳಿ ಅಲ್ಲ, ಟೈಟಾನಿಯಂ ಅಂತ.”

“ಕಬ್ಬಿಣದ ಜಾತಿಯಾ?”

“ಕಬ್ಬಿಣ ಅಲ್ಲವೇ ಅಲ್ಲ. ಬೇರೇ ಲೋಹ.”

ಅಂಗೈಯಲ್ಲಿ ತೂಗಿ ನೋಡಿದಳು. “ತುಳಸಿ ಕಡ್ಡಿ ಹಂಗೆ ಹಗುರ ಇದೆಯಲ. ಇದನ್ನ ಹಾಕಿಸ್ಕಂಡ ಮುದುಕೇರು ನಡೀತ್ರೋ, ಹಾರ್ತ್ರೋ?” ಇವರು ನಕ್ಕರು. ಇವರನ್ನು ಆ ಥರ ನಗಿಸುತ್ತಿದ್ದವಳು ಅವಳೊಬ್ಬಳೇ.

ಇಂಥ ವಸ್ತುವನ್ನು ಮಾಡಿದ ಕೂಡಲೇ ಯಾರಿಗೂ ಹಾಕುವ ಹಾಗಿಲ್ಲ. ಮೊದಲು ಯಂತ್ರಕ್ಕೆ ಕೊಡುತ್ತಾರೆ. ಒಬ್ಬ ಮನುಷ್ಯ ಹೆಜ್ಜೆ ಹಾಕಿದ ಹಾಗೆ ಆ ಯಂತ್ರ ಮೊಳೆಯನ್ನು ಒತ್ತುತ್ತದೆ, ಬಿಡುತ್ತದೆ, ಒತ್ತುತ್ತದೆ. ಹಗಲೂ ರಾತ್ರಿ, ವಾರಗಟ್ಟಲೆ. ಅದರಲ್ಲಿ ಪಾಸಾದರೆ ಸರಕಾರದ ಅನುಮತಿ, ದೊಡ್ಡ ಆಸ್ಪತ್ರೆಯ ಸಮಿತಿಯ ಒಪ್ಪಿಗೆ, ಆಮೇಲೆ ಮನುಷ್ಯರು. ನಮ್ಮ ಮೊಳೆ ಇನ್ನೂ ಯಂತ್ರದ ಹಂತದಲ್ಲಿದ್ದಾಗ ಅಮ್ಮ ಬಿದ್ದಳು.

ಬಿದ್ದದ್ದು ಹಿತ್ತಿಲ ತುಳಸಿಕಟ್ಟೆಯ ಹತ್ತಿರ, ಒದ್ದೆ ಸೀರೆಯಲ್ಲಿ. ತಮ್ಮ ಆಂಬುಲೆನ್ಸು ಮಾಡಿಸಿ ಕರೆದುಕೊಂಡು ಬಂದ. ದಾರಿಯುದ್ದಕ್ಕೂ ತಿರುವು ಬಂದಾಗಲೆಲ್ಲ ಅವನು ಅತ್ತನಂತೆ, ಅವಳು ಅವನಿಗೆ ಸಮಾಧಾನ ಹೇಳಿದಳಂತೆ. ಇವರು ಎಕ್ಸ್‌ರೇ ನೋಡಿ, “ನಾಳೆ ಬೆಳಿಗ್ಗೆನೇ ಮಾಡಣ. ಈ ಮುರಿತಕ್ಕೆ ತಡ ಮಾಡಿದಷ್ಟೂ ಶ್ವಾಸಕೋಶಕ್ಕೆ ಕೇಡು,” ಅಂದರು.

ಅಮ್ಮ ಸ್ಟ್ರೆಚರಿನ ಮೇಲೆ ಮಲಗಿದ್ದಲ್ಲೇ ಕೇಳಿದಳು. “ಎಂತ ಹಾಕ್ತೀರಿ?”

“ಮೊಳೆ.”

“ಅದು ಗೊತ್ತಿದ್ದು. ಎಂತದ್ರ ಮೊಳೆ?”

ಅವಳ ಅಳತೆಗೆ ಸರಿಹೊಂದುವಷ್ಟು ಸಪೂರದ್ದು ಆಗ ಸಿಗುತ್ತಿದ್ದದ್ದು ಸ್ಟೀಲಿನಲ್ಲಿ ಮಾತ್ರ. ಇವರು ಸುಳ್ಳು ಹೇಳುವವರಲ್ಲ. ಸ್ಟೀಲು ಅಂದರು. ಸ್ಟೀಲು ಅಂದರೆ ಕಬ್ಬಿಣವೇ ಅಲ್ದಾ ಅಂದಳು. ಹೌದು, ಹೆಚ್ಚಿನ ಪಾಲು ಕಬ್ಬಿಣವೇ ಅಂದರು.

“ಹಂಗಾರೆ ಬ್ಯಾಡ.”

ಅಪ್ಪನ ತಿಥಿ ಮುಂದಿನ ತಿಂಗಳು ಇತ್ತು. ಅಪ್ಪ ಹೋದ ಮೇಲೆ ಪ್ರತಿ ವರ್ಷವೂ ಆ ಅಡಿಗೆ ಅವಳದ್ದೇ. ಮಡಿಯುಟ್ಟು, ಕಂಚು ತಾಮ್ರದ ಪಾತ್ರೆಯಲ್ಲಿ, ಕಲ್ಲಿನ ಮರಿಗೆಯಲ್ಲಿ ಮಾಡುತ್ತಿದ್ದಳು. ಪಿತೃಗಳ ಅಡಿಗೆಗೆ ಕಬ್ಬಿಣ ಸೋಕಬಾರದು ಅಂತ ಒಗ್ಗರಣೆ ಸೌಟನ್ನೂ ಆ ದಿನ ಅಟ್ಟಕ್ಕೆ ಹಾಕುವವಳು. ಮೈಯೊಳಗೇ ಕಬ್ಬಿಣ ಇಟ್ಟುಕೊಂಡು ಆ ಒಲೆಯ ಮುಂದೆ ಹೇಗೆ ಕೂರುವುದು ಅನ್ನುವುದು ಅವಳ ಪ್ರಶ್ನೆ. ನಗುವವರು ನಗಬಹುದು. ಆ ಒಂದು ದಿನದ ಅಡಿಗೆಗೆ ಅವಳು ವರ್ಷವಿಡೀ ಬದುಕುತ್ತಿದ್ದಳು ಅಂತ ನನಗೆ ಗೊತ್ತು.

“ಈಳಿಗೆ ಕಬ್ಬಿಣದ್ದಲ್ವಾ ಅಮ್ಮ? ತಿಥಿ ತರಕಾರಿ ಹಲ್ಲಲ್ಲಿ ಕಚ್ಚಿ ಹೆಚ್ತೀರಾ?” ಅಂತ ಇವರು ಕೇಳಿದರು.

“ಕೊಯ್ಯೋಕೆ ಅಡ್ಡಿ ಇಲ್ಲೆ. ಬೇಯಿಸೋಕಾಗ ಅಷ್ಟೆ.”

“ನಿಮ್ಮ ರಕ್ತದಲ್ಲೇ ಕಬ್ಬಿಣ ಇದೆ.”

“ಅದು ಅವ ಇಟ್ಟದ್ದು. ಇದು ನೀವು ಇಡದು.” ಮೇಲೆ ಸೂರಿನ ಕಡೆ ಬೆರಳು ತೋರಿಸಿದಳು. ಪಕ್ಕದಲ್ಲಿದ್ದ ನರ್ಸು ಮುಖ ತಿರುಗಿಸಿ ನಕ್ಕಳು. ಆಮೇಲೆ ಅಮ್ಮ ದನಿ ತಗ್ಗಿಸಿ ಹೇಳಿದಳು. “ನೀವು ಮಾಡಿದ್ದು ಇದೆಯಲ ಅಳಿಯಂದ್ರೆ. ಅದು ಕಬ್ಬಿಣ ಅಲ್ಲ ಅಂದಿದ್ರಿ. ನನ್ನಂಥವಕ್ಕೇ ಅಂತ ಮಾಡಿದ್ದು ಅಂದಿದ್ರಿ. ಅದನ್ನೇ ಹಾಕಿ.”

ಅವಳ ಅಳತೆಯದೇ ಒಂದು ಮಾದರಿ, ಹೊಸದು, ನಮ್ಮ ಬೀರುವಿನಲ್ಲಿತ್ತು.

“ಅದನ್ನ ಹಾಕೋ ಹಾಗಿಲ್ಲ ಅಮ್ಮ. ಇನ್ನೂ ಪರೀಕ್ಷೆ ಮುಗಿದಿಲ್ಲ.”

“ಹೊಸ ಅಡಿಗೆ ಮೊದ್ಲು ಮನೆಯವಕ್ಕೇ ಬಡಿಸದು ಅಲ್ದಾ?”

“ಅಡಿಗೆ ಕೆಟ್ರೆ ಚೆಲ್ಲಬಹುದು,” ಅಂದರು ಇವರು.

ತಮ್ಮ ಕೈಮುಗಿದ. ನಿಜಕ್ಕೂ ಕೈಮುಗಿದ. “ಭಾವ, ನಿಮ್ಮದೇ ಆಸ್ಪತ್ರೆ, ನಿಮ್ಮದೇ ಮೊಳೆ. ಯಾರಿಗೆ ಗೊತ್ತಾಗ್ತು? ಹಾಕಿಬಿಡಿ.” ಇವರು ತಲೆ ಅಲ್ಲಾಡಿಸಿದರು. ಬೇರೆಯವರ ಅಮ್ಮನಿಗೆ ಹಾಕಲಾರದ್ದನ್ನು ನಮ್ಮ ಅಮ್ಮನಿಗೂ ಹಾಕಲಾರೆ ಅಂದರು. ಕೂಗಲಿಲ್ಲ, ಮೆತ್ತಗೇ ಅಂದರು. ತಮ್ಮನಿಗೆ ಆ ಮೆತ್ತಗಿನ ದನಿಯೇ ಹೆಚ್ಚು ತಾಗಿತು ಅಂತ ಕಾಣುತ್ತದೆ.

ಹಾಗಾದರೆ ತಿಳಿದವರನ್ನು ಕೇಳೋಣ ಅಂತಾಯಿತು. ಶೃಂಗೇರಿಯಲ್ಲಿ ಹೊಳೆಯ ಕಡೆಯ ಬೀದಿಯಲ್ಲಿ ವಯಸ್ಸಾದ ಒಬ್ಬ ವಿದ್ವಾಂಸರಿದ್ದರು. ಅಪ್ಪನ ಕಾಲದಿಂದಲೂ ನಮ್ಮ ಮನೆಯ ಸಂದೇಹಗಳಿಗೆಲ್ಲ ಅವರ ಮಾತೇ ಕೊನೆಯ ಮಾತು. ತಮ್ಮ ಆ ಕ್ಷಣವೇ ವಾಪಸು ಹೊರಟ. ಹೋಗಿ ನೋಡಿದರೆ ಅವರು ಕಾಷ್ಠಮೌನದಲ್ಲಿ ಕೂತಿದ್ದಾರೆ. ಆ ವ್ರತದಲ್ಲಿ ಮಾತು ಮಾತ್ರವಲ್ಲ, ಕೈಸನ್ನೆಯೂ ಇಲ್ಲ, ಬರೆದು ತೋರಿಸುವುದೂ ಇಲ್ಲ. ಕಟ್ಟಿಗೆಯ ಹಾಗೆ ಇರಬೇಕು. ಏಕಾದಶಿ ಮುಗಿದು ದ್ವಾದಶಿಯ ಪಾರಣೆಯಾದ ಮೇಲೆಯೇ ಬಾಯಿ ತೆರೆಯುವುದು. ತಮ್ಮ ಅವರ ಜಗಲಿಯಲ್ಲಿ ಕೂತು ಕಾದ. ನಡುವೆ ಫೋನು ಮಾಡಿ, “ಇನ್ನೂ ಆಗಲ್ಲೆ ಅಕ್ಕಾ,” ಅನ್ನುತ್ತಿದ್ದ. ಇತ್ತ ಅಮ್ಮನಿಗೆ ಸಣ್ಣಗೆ ಕೆಮ್ಮು ಶುರುವಾಗಿತ್ತು.

ಪಾರಣೆ ಮುಗಿಸಿ ಹೊರಗೆ ಬಂದವರು ತಮ್ಮನ ಮಾತು ಪೂರ್ತಿ ಕೇಳುವ ಮೊದಲೇ ಹೇಳಿದರಂತೆ. “ಪಾತ್ರೆಗೆ ಹೇಳಿದ್ದನ್ನ ಎಲುಬಿಗೆ ಯಾಕೆ ಹಚ್ಚಿಕೊಂಡ್ರಿ ಮಾರಾಯ? ಅನ್ನ ಬೇಯದು ಪಾತ್ರೆಯಲ್ಲಿ, ನಿಮ್ಮಮ್ಮನ ಕಾಲಲ್ಲಲ್ಲ. ಮೊದ್ಲು ಹೋಗು.” ಅವನು ಜಗಲಿಯಿಂದಲೇ ಫೋನು ಮಾಡಿದ. ಅಮ್ಮ ಕೇಳಿ, “ಅವ್ರು ಹೇಳಿರೆ ಆತು,” ಅಂದಳು. ಅಷ್ಟೇ. ಸಿಟ್ಟಿಲ್ಲ, ಸೋತೆ ಅನ್ನುವುದೂ ಇಲ್ಲ.

ಅವನು ಆ ಜಗಲಿಯಲ್ಲಿ ಕಾದು ಕೂತದ್ದನ್ನು ಆಮೇಲೆ ನಮ್ಮಲ್ಲಿ ಯಾರೂ ಎತ್ತಿ ಆಡಲಿಲ್ಲ. ಇವರಂತೂ ಎಂದೂ ಇಲ್ಲ. ಅದನ್ನೂ ದೇವರ ದಯೆಯ ಲೆಕ್ಕಕ್ಕೇ ಹಾಕಿಕೊಂಡಿದ್ದೇನೆ.

ಆಪರೇಶನ್ನಿಗೆ ಹೋಗುವ ಮೊದಲು ಇವರು ದೇವರ ಮನೆಗೆ ಬಂದು ತಾವಾಗಿ ಕುಂಕುಮ ಕೇಳಿದರು. ಮದುವೆಯಾದ ಮೇಲೆ ಅದೇ ಮೊದಲು. ಎಲ್ಲ ಸರಿಯಾಗಿಯೇ ಆಯಿತು. ಸ್ಟೀಲಿನ ಮೊಳೆ ಒಳಗೆ ಹೋಯಿತು. ಅಮ್ಮ ವಾಕರು ಹಿಡಿದು ನಿಂತಳು; ಒಂದು ಹೆಜ್ಜೆ ಇಟ್ಟು, “ಹಾರದಿಲ್ಲೆ, ನಡೀತು,” ಅಂದಳು. ಆ ಮಧ್ಯಾಹ್ನ ನಾನು ಹೆಸರುಬೇಳೆ ಪಾಯಸ ಮಾಡಿದೆ.

ಆಮೇಲೆ ಒಂದು ಬೆಳಿಗ್ಗೆ ಪಕ್ಕ ಹೊರಳುವಾಗ ಚೀರಿದಳು. ಇವರು ಹೊಸ ಎಕ್ಸ್‌ರೇ ತಂದು ಅಡಿಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದರು. “ಇಲ್ಲಿ ನೋಡು,” ಅಂದರು. ವಿವರಿಸಬೇಕಾಗಿರಲಿಲ್ಲ. ವರ್ಷಗಟ್ಟಲೆ ಅದೇ ಚಿತ್ರವನ್ನು ನನಗೆ ತೋರಿಸಿದ್ದರು, ಬೇರೆ ಬೇರೆ ಮುದುಕಿಯರದ್ದು. ಸ್ಕ್ರೂ ಮೂಳೆಯನ್ನು ಸೀಳಿ ಗುಂಡಿನ ಆಚೆ ತುದಿ ತೋರಿಸುತ್ತಿತ್ತು. ಮತ್ತೊಂದು ಆಪರೇಶನ್ನಿಗೆ ಅವಳ ಎದೆ ತಡೆಯುವ ಹಾಗಿರಲಿಲ್ಲ. ಬೇರೆ ಊರಿನ ಡಾಕ್ಟರನ್ನೂ ಕೇಳಿದರು. ಎಲ್ಲರದ್ದೂ ಅದೇ ಮಾತು.

ಅಲ್ಲಿಂದ ಮುಂದೆ ಅವಳು ಎದ್ದವಳಲ್ಲ. ನಮ್ಮ ನಡುಮನೆಯಲ್ಲೇ ಮಂಚ ಹಾಕಿದೆವು. ಬೆನ್ನು ಹುಣ್ಣಾಗದ ಹಾಗೆ ಇವರೇ ಹೊರಳಿಸುತ್ತಿದ್ದರು, ರೋಗಿಗಳ ನಡುವೆ ಎದ್ದು ಬಂದು. ಅಷ್ಟು ಕಾಲ ಮಲಗಿಯೂ ಅವಳ ಬೆನ್ನಿನ ಚರ್ಮ ಒಡೆಯಲಿಲ್ಲ. ಬಂದವರು ನೋಡಿ ಆಶ್ಚರ್ಯಪಡುತ್ತಿದ್ದರು.

ತಿಥಿಯ ದಿನ ಅವಳನ್ನು ಶೃಂಗೇರಿಗೆ ಕರೆದುಕೊಂಡು ಹೋದೆವು. ಹೋಗಲೇಬೇಕೆಂದು ಹಟ. ಅಡಿಗೆಮನೆಯ ಹೊಸ್ತಿಲಿನ ಹೊರಗೆ ಮಂಚ. ಒಲೆಯ ಮುಂದೆ ತಮ್ಮನ ಹೆಂಡತಿ. ಅಮ್ಮ ಮಲಗಿದ್ದಲ್ಲಿಂದಲೇ ನಡೆಸಿದಳು. “ಕೂಸೇ, ಬೆಂಕಿ ಹಿಂದೆ ತೆಗಿ. ಹುಳಿ ಕುದಿಯ ಶಬ್ದ ದಪ್ಪ ಆಯ್ತು.” “ವಡೆಗೆ ಉಪ್ಪು ಹಾಕಲ್ಲೆ ನೀನು. ಹಾಕಿದ್ಯಾ? ಸುಳ್ಳು, ನಾ ನೋಡ್ತಾ ಇದ್ದೆ.” ಅವಳು ಯಾವ ಕಬ್ಬಿಣಕ್ಕೆ ಅಷ್ಟು ಹೆದರಿದಳೋ ಅದನ್ನು ಮೈಯಲ್ಲಿ ಇಟ್ಟುಕೊಂಡೂ ಒಲೆಯ ಮುಂದೆ ಕೂರುವ ಅಪ್ಪಣೆ ಸಿಕ್ಕಿತ್ತು, ಕೂರುವುದಕ್ಕೆ ಮಾತ್ರ ಆಗಲಿಲ್ಲ. ನಾನು ಒಂದು ಕಂಚಿನ ತಟ್ಟೆಯಲ್ಲಿ ಪಿಂಡದ ಎಳ್ಳು ಹಾಕಿ ಅವಳ ಎದೆಯ ಮೇಲಿಟ್ಟೆ. ಕತ್ತು ಎತ್ತಲಾಗದು. ತಟ್ಟೆಯನ್ನು ಕಣ್ಣಿಗೆ ಹತ್ತಿರ ವಾಲಿಸಿಕೊಂಡು ಒಂದೊಂದೇ ಕಲ್ಲು, ಒಂದೊಂದೇ ಕಸ ಹೆಕ್ಕಿದಳು. ಪುರೋಹಿತರು ಎಳ್ಳು ಕೇಳುವ ಹೊತ್ತಿಗೆ ಸರಿಯಾಗಿ ಮುಗಿಸಿದಳು. ತಮ್ಮ ಬಂದು ತಟ್ಟೆ ತೆಗೆದುಕೊಂಡ. ಅವಳು ಅವನ ಕೈ ಹಿಡಿದು, “ಅಪ್ಪಂಗೆ ಹೇಳು, ಈ ವರ್ಷ ಇಷ್ಟೇ ನಂದು,” ಅಂದಳು.

ಅವಳು ಹೋದದ್ದು ಅದಾದ ಕೆಲವು ವಾರಕ್ಕೆ, ನಮ್ಮ ಮನೆಯಲ್ಲಿ, ಬೆಳಗಿನ ಹೊತ್ತು. ಎಚ್ಚರ ಇದ್ದಾಗಲೇ ತೀರ್ಥ ಬಾಯಿಗೆ ಬಿತ್ತು. ಎಷ್ಟು ಜನಕ್ಕೆ ಅದು ಸಿಗುತ್ತದೆ?

ಶೃಂಗೇರಿಗೇ ಕೊಂಡೊಯ್ದರು. ಹೆಂಗಸರು ಸ್ಮಶಾನಕ್ಕೆಲ್ಲ ಹೋಗುವುದಿಲ್ಲ, ಹಾಗಾಗಿ ಮುಂದಿನದು ಇವರು ಹೇಳಿ ನಾನು ಕೇಳಿದ್ದು. ಬೂದಿಯಲ್ಲಿ ಅಸ್ಥಿ ಆರಿಸುವಾಗ ಮೊಳೆ ಸಿಕ್ಕಿತು. ಬೆಂಕಿಗೆ ಅದಕ್ಕೇನೂ ಆಗಿರಲಿಲ್ಲ, ಬಣ್ಣ ಮಾತ್ರ ಕಪ್ಪಾಗಿತ್ತಂತೆ. ಪುರೋಹಿತರು ಕೋಲಿನಿಂದ ಪಕ್ಕಕ್ಕೆ ಸರಿಸಿದರು. ಇದು ಅಸ್ಥಿಯ ಜೊತೆ ನೀರಿಗೆ ಹೋಗುವಂಥದ್ದಲ್ಲ ಅಂದರು. ತಮ್ಮ ಅದನ್ನು ಎತ್ತಿಕೊಂಡು ಬಂದು ಇವರ ಕಾಲ ಹತ್ತಿರ ಇಟ್ಟ.

“ತಗಳಿ. ಇದು ನಮ್ಮ ಅಮ್ಮನದ್ದಲ್ಲ. ನಿಮ್ಮ ಆಸ್ಪತ್ರೇದು. ನಿಮ್ಮ ಬೀರುವಲ್ಲಿ ಆ ಹೊಸದರ ಪಕ್ಕಕ್ಕೇ ಇಡಿ.”

ಇವರು ಬಗ್ಗಿ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದರಂತೆ. ಡಾಕ್ಟರ ಕಣ್ಣು, ನೋಡದೆ ಇರಲಾರದು. ತಮ್ಮನಿಗೆ ಅದು ಇನ್ನೂ ಕೆಟ್ಟದಾಗಿ ಕಂಡಿತು. “ನೋಡಿ ನೋಡಿ, ಕಲಿಯೋಕೆ ಆಗ್ತು ನಿಮಗೆ,” ಅಂದ. ಇವರು ಮೊಳೆಯನ್ನು ದಡದ ಮೇಲಿನ ಮಣ್ಣಿನಲ್ಲಿ ಹೂತು, ಸ್ನಾನ ಮಾಡಿ, ತಮ್ಮನ ಮನೆಯಿಂದ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ಕಮ್ಮರಡಿ ದಾಟುವವರೆಗೂ ಗಾಡಿ ಓಡಿಸಿದರು. ಆಮೇಲೆ ರಸ್ತೆ ಪಕ್ಕ ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆ ಇಟ್ಟರು. ಬಸ್ಸಿನವನು ಹಾರ್ನು ಹೊಡೆದು ಬೈದುಕೊಂಡು ಹೋದ. ಬೈಗುಳ ಕೇಳಿದ ಮೇಲೆ ತಲೆ ಎತ್ತಿ ಗಾಡಿ ಶುರು ಮಾಡಿದರು.

ನಾನು ಒಂದೇ ಸಲ ಕೇಳಿದ್ದು. ಹದಿಮೂರು ಕಳೆದ ಮೇಲೆ, ಅಮ್ಮನ ಮಂಚ ಬಿಚ್ಚುತ್ತಾ. “ಅದನ್ನೇ ಹಾಕಿದ್ರೆ?”

ಇವರು ನಟ್ಟು ಬಿಚ್ಚುವುದನ್ನು ನಿಲ್ಲಿಸಿದರು. “ಅದು ಸರಿ ಇದ್ದಿದ್ರೆ ಎದ್ದು ಓಡಾಡ್ತಿದ್ರು. ಸರಿ ಇದ್ಯೋ ಇಲ್ಲವೋ ಆವತ್ತು ನಂಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಹಾಕಲಿಲ್ಲ.”

ಆ ವರ್ಷವೇ ಬೀರುವಿನಲ್ಲಿದ್ದ ಮಾದರಿಯ ಜೊತೆಯದ್ದು ಯಂತ್ರದಲ್ಲಿ ಬಿರುಕು ಬಿಟ್ಟಿತು. ಎರಡು ಸ್ಕ್ರೂಗಳ ನಡುವಿನ ಜಾಗದಲ್ಲಿ, ಕೂದಲಿನಂಥ ಗೀರು. ಇವರು ಅದನ್ನು ಭೂತಗನ್ನಡಿಯಲ್ಲಿ ನನಗೂ ತೋರಿಸಿದರು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. “ನೋಡಿ, ನೀವು ಮಾಡಿದ್ದೇ ಸರಿ. ತಮ್ಮಂಗೆ ಈಗಲೇ ಹೇಳ್ತೆ,” ಅಂದೆ.

“ಪೂರ್ತಿ ಹೇಳೋದಾದ್ರೆ ಹೇಳು. ಇದು ಬಿರುಕು ಬಿಟ್ಟದ್ದು ಒಬ್ಬರು ವರ್ಷಗಟ್ಟಲೆ ನಡೆದಷ್ಟು ಒತ್ತಿದ ಮೇಲೆ. ನಿನ್ನಮ್ಮ ಅಷ್ಟು ನಡೀಬೇಕಾಗಿರ್ಲಿಲ್ಲ. ದೇವರ ಮನೆಯಿಂದ ಅಡಿಗೆಮನೆಗೆ ನಡೆದ್ರೆ ಸಾಕಾಗಿತ್ತು.”

ಅದನ್ನು ಕೇಳಿದ ಮೇಲೆ ನನಗೆ ತಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಅರ್ಧ ಹೇಳಿದರೆ ಇವರಿಗೆ ಒಪ್ಪದು, ಪೂರ್ತಿ ಹೇಳಿದರೆ ಏನು ಉಳಿಯುತ್ತದೆ? ಇವರು ಆ ಜಾಗವನ್ನು ತಿದ್ದಿ, ಮತ್ತೆ ಯಂತ್ರಕ್ಕೆ ಕೊಟ್ಟು, ಮತ್ತೆ ಕಾದು, ಅನುಮತಿ ಬಂದು, ಈಗ ಘಟ್ಟದ ಕೆಳಗೆ ಯಾರೋ ಒಬ್ಬರು ಅಜ್ಜಿ ಎದ್ದು ನಿಂತರು.

ಹಿತ್ತಿಲ ಬಾಗಿಲಿನಿಂದ ಎದ್ದು ದೇವರ ಮುಂದೆ ಒಂದು ನಿಮಿಷ ನಿಂತೆ. ಆಮೇಲೆ ಫೋನು ಮಾಡಿದೆ. ಶಾಲೆ ಬಿಟ್ಟಿರಬೇಕು, ಮಕ್ಕಳ ಗಲಾಟೆ ಕೇಳುತ್ತಿತ್ತು.

“ಎಂತ ಅಕ್ಕಾ?”

ಸುದ್ದಿ ಹೇಳಿದೆ. ಅವನು ಫೋನು ಇಡುತ್ತಾನೇನೋ ಅನ್ನಿಸಿ ಬೇಗ ಬೇಗ ಉಳಿದದ್ದನ್ನೂ ಹೇಳಿದೆ. ಬೀರುವಿನಲ್ಲಿದ್ದ ಮಾದರಿಯ ಜೊತೆಯದ್ದು ಬಿರುಕು ಬಿಟ್ಟದ್ದು, ಅದು ಬಿರುಕು ಬಿಟ್ಟದ್ದು ಯಾವಾಗ ಅನ್ನುವುದು, ಅಮ್ಮನಿಗೆ ಅಷ್ಟು ನಡಿಗೆ ಬೇಕಿರಲಿಲ್ಲ ಅನ್ನುವುದು. ಎರಡು ಕಡೆಯನ್ನೂ ಹೇಳಿದೆ. “ಇದನ್ನೂ ಹೇಳು ಅಂದವರು ಅವ್ರೇ,” ಅಂದೆ.

ಮಕ್ಕಳ ಗಲಾಟೆ ದೂರವಾಯಿತು. ಎಲ್ಲೋ ಪಕ್ಕಕ್ಕೆ ನಡೆದಿರಬೇಕು.

“ಹಂಗಾರೆ ಅಮ್ಮಂಗೆ ಆಗ್ತಿತ್ತೇನೋ,” ಅಂದ.

“ಆಗ್ತಿತ್ತೇನೋ. ಆಗದೇ ಇರಲೂಬಹುದಿತ್ತು ಮಾರಾಯ.”

“ಆ ಅಜ್ಜಿ ಯಾರಂತೆ?”

“ಹೆಸರು ಹೇಳೋ ಹಾಗಿಲ್ಲಂತೆ. ಯಾರದ್ದೋ ಅಮ್ಮ.”

“ನೆಲದ ಮೇಲೆ ಕೂತ್ರಾ?”

“ಇನ್ನೂ ಇಲ್ಲ. ನಿಂತದ್ದೇ ಇವತ್ತು.”

ಅವನು ಅಳುತ್ತಿದ್ದನೋ ಏನೋ, ಉಸಿರು ಮಾತ್ರ ಕೇಳುತ್ತಿತ್ತು. ಚಿಕ್ಕವನಿದ್ದಾಗಲೂ ಹಾಗೇ, ಸಮಾಧಾನ ಮಾಡಲು ಹೋದರೆ ಸಿಟ್ಟು ಬರುವುದು. ಆಮೇಲೆ ತಾನಾಗಿ ಕೇಳಿದ.

“ಭಾವ ಎಲ್ಲಿದ್ದಾರೆ?”

ಭಾವ ಅನ್ನುವ ಆ ಶಬ್ದ ಅವನ ಬಾಯಲ್ಲಿ ಕೇಳದೆ ಎಷ್ಟು ದಿನವಾಗಿತ್ತು!

“ಬಸ್ಸಲ್ಲಿ. ಘಟ್ಟ ಹತ್ತುತ್ತಾ ಇರಬಹುದು. ಶೃಂಗೇರಿ ಮೇಲೇ ಬರೋದು.”

“ಬಸ್ಸು ಅಲ್ಲಿ ಸ್ವಲ್ಪ ಹೊತ್ತು ನಿಲ್ತು.”

“ಹೌದು.”

“ನಾ ಹೋಗಿ ಎಂತ ಹೇಳ್ಲಿ ಅಕ್ಕಾ ಅವ್ರಿಗೆ?”

“ಎಂತದೂ ಬ್ಯಾಡ. ಬೆಳಿಗ್ಗೆಯಿಂದ ಊಟ ಮಾಡಿರಲಿಕ್ಕಿಲ್ಲ ಅವ್ರು. ಅದನ್ನ ಕೇಳು.”

“ನೋಡ್ತೆ,” ಅಂದ. ಹೋಗುತ್ತೇನೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಫೋನು ಇಟ್ಟ.

ಅವನು ಇಷ್ಟು ಹೊತ್ತು ಮಾತಾಡಿದನಲ್ಲ, ಅದೇ ದೊಡ್ಡದು ಅಂದುಕೊಂಡೆ. ಆಸ್ಪತ್ರೆಯ ಕಡೆಯ ಬಾಗಿಲನ್ನು ನೂಕಿ ಒಬ್ಬಾಕೆ ಇಣುಕಿದಳು, ಕೈಯಲ್ಲಿ ಫ್ಲಾಸ್ಕು. ಕಾಲು ಮುರಿದುಕೊಂಡ ಅವಳ ಗಂಡನನ್ನು ಬೆಳಿಗ್ಗೆ ಸೇರಿಸಿದ್ದರು.

“ಅಮ್ಮಾ, ಬಿಸಿನೀರು ಇದ್ಯಾ?”

“ಈಗ ಆಗ್ತದೆ, ಕೂತ್ಕೋ,” ಅಂದು ಬಚ್ಚಲಿಗೆ ಹೋಗಿ ಹಂಡೆಗೆ ನೀರು ತುಂಬಿಸಿ ಒಲೆಗೆ ಎರಡು ಸೋಗೆ ತುರುಕಿದೆ.